ಹೈಬ್ರಿಡ್ ಕಾರಿಗೆ ಕಸಿ ಟ್ಯಾಂಕು: ಈ ಜಾಣತನ ಯಾರ ಹಿತಕ್ಕೆ?

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸೀಮೆಯ ರೈತನಿಗೆ ‘ಹೈಬ್ರಿಡ್’ ಎಂಬ ಶಬ್ದದ ಅರ್ಥವನ್ನು ಯಾರೂ ಹೊಸದಾಗಿ ಹೇಳಿಕೊಡಬೇಕಿಲ್ಲ. 1964ರ ಸಿಎಸ್‌ಎಚ್-1 ಜೋಳ, 1972ರಲ್ಲಿ ಧಾರವಾಡದಲ್ಲಿ ರೂಪುಗೊಂಡ ‘ವರಲಕ್ಷ್ಮಿ’ ಹತ್ತಿ ಇವುಗಳ ಬೆನ್ನಿಗೇ ಆ ಶಬ್ದ ಹಳ್ಳಿಗಳನ್ನು ಹೊಕ್ಕಿತು. ಎರಡು ಭಿನ್ನ ತಳಿಗಳನ್ನು ವರ್ಷಗಟ್ಟಲೆ ಪರೀಕ್ಷಿಸಿ, ಒಂದಕ್ಕೊಂದು ಹೊಂದುವಂತೆ ಕೂಡಿಸಿದಾಗ ಮಾತ್ರ ಇಳುವರಿ ಬರುತ್ತದೆ. ಆ ಹೊಂದಾಣಿಕೆ ಕೆಟ್ಟರೆ ಬೀಜ ಮೊಳೆತರೂ ಫಲ ದಕ್ಕದು. ಇದು ಹೊಲ ಕಲಿಸಿದ ಪಾಠ. ಅದೇ ಪಾಠವನ್ನು ರಸ್ತೆಯ ಮೇಲೆ ಮರೆಯುವುದೇಕೆ?

ಹೈಬ್ರಿಡ್ ಕಾರು ಕೂಡ ಇಂಥದೇ ಒಂದು ಸಂಕರ. ಪೆಟ್ರೋಲ್ ಎಂಜಿನ್ ಹಾಗೂ ವಿದ್ಯುತ್ ಮೋಟಾರು ಎರಡೂ ಒಂದೇ ಗಣಕದ ಅಂಕೆಯಲ್ಲಿ ದುಡಿಯುತ್ತವೆ. 1997ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಟೊಯೊಟಾ ಪ್ರಿಯಸ್ ಈ ಬಗೆಯ ಕಾರುಗಳಿಗೆ ದಾರಿ ತೆರೆಯಿತು. ಭಾರತಕ್ಕೆ 2008ರಲ್ಲಿ ಹೋಂಡಾ ಸಿವಿಕ್ ಹೈಬ್ರಿಡ್, 2010ರಲ್ಲಿ ಪ್ರಿಯಸ್ ಬಂದವು. 2013ರಿಂದ ಬಿಡದಿಯ ಕಾರ್ಖಾನೆಯಲ್ಲೇ ಕ್ಯಾಮ್ರಿ ಹೈಬ್ರಿಡ್ ಜೋಡಣೆಯಾಗತೊಡಗಿತು. 2022ರಲ್ಲಿ ಹೈರೈಡರ್, ಇನ್ನೋವಾ ಹೈಕ್ರಾಸ್ ಕೂಡ ಅಲ್ಲಿಂದಲೇ ಹೊರಬಂದವು. ಇಂಧನ ಉಳಿಯಲಿ, ಹೊಗೆ ತಗ್ಗಲಿ ಎಂದು ಲಕ್ಷಾಂತರ ರೂಪಾಯಿ ಹೆಚ್ಚು ತೆತ್ತು ಜನ ಇವನ್ನು ಕೊಳ್ಳುತ್ತಾರೆ. ಹೀಗೆ ಕೊಂಡ ಕಾರಿನ ಇಂಧನ ಟ್ಯಾಂಕನ್ನು ಕಿತ್ತು, ಬೇರೊಂದು ಮಾದರಿಯ ದೊಡ್ಡ ಟ್ಯಾಂಕನ್ನು ಕೂಡಿಸಿದರೆ ಮತ್ತಷ್ಟು ದೂರ ಓಡಬಹುದಲ್ಲ ಎಂಬ ವಾದವೊಂದಿದೆ. ಮೇಲ್ನೋಟಕ್ಕೆ ಜಾಣತನವೆನಿಸುವ ಈ ವಾದ ಕಾರಿನ ಉದ್ದೇಶವನ್ನೇ ಕೊಲ್ಲುವಂಥದು.

ಲೆಕ್ಕ ಏನು ಹೇಳುತ್ತದೆ?

ಮೊದಲಿಗೆ, ಅಗತ್ಯವಾದರೂ ಇದೆಯೇ? ಹೈರೈಡರ್ ಹೈಬ್ರಿಡ್‌ನ ಟ್ಯಾಂಕು 45 ಲೀಟರಿನದು. ಪ್ರಮಾಣೀಕೃತ ಮೈಲೇಜು ಲೀಟರಿಗೆ 27.97 ಕಿ.ಮೀ. ಕಾಗದದ ಮೇಲಿನ ಈ ಅಂಕಿಯನ್ನು ನಂಬಬೇಕಿಲ್ಲ. ಏರಿಳಿತ, ತಗ್ಗು-ದಿಣ್ಣೆಗಳ ರಸ್ತೆಯಲ್ಲಿ 20 ಕಿ.ಮೀ. ಎಂದೇ ಇಟ್ಟುಕೊಳ್ಳಿ. ಆಗಲೂ ಒಮ್ಮೆ ತುಂಬಿಸಿದರೆ 900 ಕಿ.ಮೀ. ಗದಗದಿಂದ ಬೆಂಗಳೂರಿಗೆ ಹೋಗಿ ಹೆಚ್ಚುಕಡಿಮೆ ಮರಳಿ ಬರುವಷ್ಟು! ಗದಗದಿಂದ ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರಗಳನ್ನು ಸುತ್ತಿ ಮನೆ ಸೇರಿದರೂ 200 ಕಿ.ಮೀ. ದಾಟದು, ಅದಕ್ಕೆ 10 ಲೀಟರು ಸಾಕು. ಊರೂರಿಗೂ ಪೆಟ್ರೋಲ್ ಬಂಕ್ ಇರುವ ಕಾಲದಲ್ಲಿ 60 ಲೀಟರಿನ ಟ್ಯಾಂಕು ಹೊತ್ತು ತಿರುಗುವುದೆಂದರೆ, ಬಾವಿಯ ದಂಡೆಯಲ್ಲಿ ಮನೆ ಕಟ್ಟಿಕೊಂಡು ತಲೆಯ ಮೇಲೆ ಸದಾ ಕೊಡ ಹೊತ್ತಂತೆ. ಹೆಚ್ಚಿನ ಭಾರವನ್ನು ಎಳೆಯಲೂ ಪೆಟ್ರೋಲೇ ಉರಿಯಬೇಕು.

ಟ್ಯಾಂಕು ಬರೀ ಪಾತ್ರೆಯಲ್ಲ

ಈ ವಾದದ ಮೂಲ ದೋಷವೆಂದರೆ ಟ್ಯಾಂಕನ್ನು ಕೊಡಪಾನವೆಂದು ಭಾವಿಸುವುದು. ಪೆಟ್ರೋಲು ಬಿಸಿಲಿಗೆ ಸದಾ ಆವಿಯಾಗುತ್ತಿರುತ್ತದೆ. ಏಪ್ರಿಲ್-ಮೇ ತಿಂಗಳ ಗದಗದ ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಈ ಕ್ರಿಯೆ ಎಷ್ಟು ತೀವ್ರವೆಂಬುದನ್ನು ಹೇಳಬೇಕಿಲ್ಲ. ಆ ಆವಿಯಲ್ಲಿ ಕ್ಯಾನ್ಸರ್‌ಕಾರಕವಾದ ಬೆಂಜೀನ್ ಇರುತ್ತದೆ. ಅದು ಹೊರಬಿದ್ದು, ಹೊಗೆಯಲ್ಲಿನ ಸಾರಜನಕದ ಆಕ್ಸೈಡುಗಳ ಜೊತೆ ಬಿಸಿಲಿನಲ್ಲಿ ಬೆರೆತರೆ ನೆಲಮಟ್ಟದ ಓಜೋನ್ ಹುಟ್ಟುತ್ತದೆ. ಆಕಾಶದ ಮೇಲ್ಪದರದಲ್ಲಿ ಜೀವ ಕಾಯುವ ಓಜೋನ್, ನೆಲದ ಮೇಲೆ ವಿಷ. ಎಲೆಯ ಸೂಕ್ಷ್ಮ ರಂಧ್ರಗಳ ಮೂಲಕ ಒಳಹೊಕ್ಕು ಗೋಧಿ, ಹತ್ತಿ, ಸೋಯಾಗಳ ಇಳುವರಿಯನ್ನು ಅದು ಕುಗ್ಗಿಸುತ್ತದೆ. ಒಂದು ಕಾರಿನ ಆವಿಯಿಂದ ಹೊಲ ಒಣಗದು, ನಿಜ. ಆದರೆ ರಸ್ತೆಯ ಮೇಲೆ ಇರುವುದು ಒಂದೇ ಕಾರಲ್ಲವಲ್ಲ!

ಈ ಆವಿಯನ್ನು ಹಿಡಿದಿಡಲೆಂದೇ ಟ್ಯಾಂಕಿಗೆ ಇದ್ದಿಲು ತುಂಬಿದ ಡಬ್ಬಿಯೊಂದನ್ನು ಜೋಡಿಸಿರುತ್ತಾರೆ. ಇದ್ದಿಲು ಆವಿಯನ್ನು ಹೀರಿಕೊಳ್ಳುತ್ತದೆ. ಎಂಜಿನ್ ಓಡುವಾಗ ಅದನ್ನು ಎಳೆದುಕೊಂಡು ಉರಿಸುತ್ತದೆ. ಹೈಬ್ರಿಡ್ ಕಾರಿನಲ್ಲಿ ಎಂಜಿನ್ ಆಗಾಗ ನಿಂತಿರುತ್ತದೆಯಾದ್ದರಿಂದ ಡಬ್ಬಿ ಖಾಲಿಯಾಗುವ ಅವಕಾಶ ಕಡಿಮೆ. ಅದಕ್ಕಾಗಿಯೇ ಇಲ್ಲಿ ಟ್ಯಾಂಕು, ಡಬ್ಬಿ, ಕವಾಟ, ಗಣಕ ಎಲ್ಲವನ್ನೂ ಒಂದೇ ಅಳತೆಗೆ ಹೊಂದಿಸಿರುತ್ತಾರೆ. ಎಂಜಿನ್ ದಿನಗಟ್ಟಲೆ ಓಡದಿರಬಹುದಾದ ಕೆಲವು ಪ್ಲಗ್-ಇನ್ ಹೈಬ್ರಿಡ್‌ಗಳಲ್ಲಂತೂ ಒತ್ತಡ ತಾಳುವ ಮುಚ್ಚಿದ ಟ್ಯಾಂಕುಗಳೇ ಇವೆ. 45 ಲೀಟರಿಗೆ ಹೊಂದಿಸಿದ ಡಬ್ಬಿಗೆ 60 ಲೀಟರಿನ ಆವಿಯನ್ನು ಕುಡಿಸಿದರೆ ಅದು ಎಲ್ಲಿಗೆ ಹೋದೀತು?

ಅಮೆರಿಕದ ಪ್ರಿಯಸ್ ಕಥೆ ಇಲ್ಲಿ ಬೋಧಪ್ರದ. ಅಲ್ಲಿ ಮಾರಾಟವಾದ ಮೊದಲೆರಡು ತಲೆಮಾರಿನ ಪ್ರಿಯಸ್ ಟ್ಯಾಂಕಿನೊಳಗೆ ಬಾಗುವ ಚೀಲವೊಂದಿತ್ತು. ಪೆಟ್ರೋಲು ತಗ್ಗಿದಂತೆ ಚೀಲವೂ ಕುಗ್ಗುವುದರಿಂದ ಆವಿ ತುಂಬುವ ಜಾಗವೇ ಉಳಿಯದು. ಆದರೆ ಚಳಿಗೆ ಚೀಲ ಬಿರುಸಾಗಿ ಕಡಿಮೆ ಪೆಟ್ರೋಲು ಹಿಡಿಯುತ್ತಿತ್ತು, ಸೂಚಕ ಮುಳ್ಳು ಸುಳ್ಳು ಹೇಳುತ್ತಿತ್ತು. ಬೇಸತ್ತ ಕೆಲವರು ಚೀಲವಿಲ್ಲದ ಬೇರೆ ಮಾದರಿಯ ಟ್ಯಾಂಕನ್ನು ಕೂಡಿಸುವ ಯೋಚನೆ ಮಾಡಿದರು. ‘2009ರ ಹೊಸ ಪ್ರಿಯಸ್‌ನಲ್ಲಿ ಕಂಪನಿಯೇ ಚೀಲವನ್ನು ಕೈಬಿಟ್ಟಿತಲ್ಲ’ ಎಂದು ಈ ಪಕ್ಷದವರು ಕೇಳಬಹುದು. ಕೈಬಿಟ್ಟದ್ದು ನಿಜ, ಆದರೆ ಆ ಟ್ಯಾಂಕು ಹೊಸದಾಗಿ ರೂಪಿಸಿದ ಇಡೀ ಕಾರಿನ ಒಂದು ಅಂಗವಾಗಿ ಬಂತು. ಹಳೆಯ ಕಾರಿನ ಚೀಲವನ್ನಷ್ಟೇ ಕಿತ್ತರೆ ಅದರ ಕೆಲಸವನ್ನು ಮಾಡುವವರಾರು? ಬೇರು ಬೇವಿನದು, ಕಣ್ಣು ಮಾವಿನದು ಎಂದು ಕಸಿ ಕಟ್ಟಿದರೆ ಚಿಗುರೀತೇ?

ಅಪಾಯ ಇಷ್ಟಕ್ಕೇ ಮುಗಿಯದು. ಇಂಧನ ಸೂಚಕವನ್ನು ಆಯಾ ಟ್ಯಾಂಕಿನ ಆಕಾರಕ್ಕೇ ಅಳವಡಿಸಿರುತ್ತಾರೆ. ಬೇರೆ ಟ್ಯಾಂಕಿನಲ್ಲಿ ಅದು ತಪ್ಪು ತೋರಿಸುತ್ತದೆ. ಟ್ಯಾಂಕಿನೊಳಗಿನ ಪಂಪು ಪೆಟ್ರೋಲಿನಲ್ಲಿ ಮುಳುಗಿಯೇ ತಂಪಾಗಿರಬೇಕು, ಬರಿದಾದರೆ ಸುಡುತ್ತದೆ. ಪೆಟ್ರೋಲು ತೀರಿದ ಮೇಲೂ ಹೈಬ್ರಿಡ್ ಕಾರು ಬ್ಯಾಟರಿಯ ಬಲದಿಂದ ಸ್ವಲ್ಪ ದೂರ ತೆವಳುತ್ತದೆ. ಹಾಗೆ ಎಳೆದಾಡಿದರೆ ದುಬಾರಿ ಬ್ಯಾಟರಿ ಹಾನಿಗೊಳ್ಳುತ್ತದೆ. ಅದಕ್ಕಿಂತ ಭೀಕರವಾದದ್ದು, ಎಷ್ಟೋ ಹೈಬ್ರಿಡ್‌ಗಳಲ್ಲಿ ಟ್ಯಾಂಕಿನ ಸಮೀಪದಲ್ಲೇ ನೂರಾರು ವೋಲ್ಟಿನ ಬ್ಯಾಟರಿ, ಕಾರಿನ ತಳದಲ್ಲಿ ಕಿತ್ತಳೆ ಬಣ್ಣದ ವಿದ್ಯುತ್ ತಂತಿಗಳು. ಅಲ್ಲಿ ವೆಲ್ಡಿಂಗ್ ಕಿಡಿ ಹಾರಿಸುವುದೆಂದರೆ ಬಣವೆಯ ಪಕ್ಕ ಬೀಡಿ ಹಚ್ಚಿದಂತೆ.

ಟ್ಯಾಂಕಿನಲ್ಲಿ ತುಂಬುವುದೇನು?

ಹೈಬ್ರಿಡ್ ಕಾರು ಕಪ್ಪತಗುಡ್ಡದ ಗಾಳಿಯಂತ್ರಗಳ ಕರೆಂಟಿನಿಂದ ಓಡುವುದೆಂಬ ಭ್ರಮೆ ಕೆಲವರಲ್ಲಿದೆ. ತಂತಿ ಚುಚ್ಚಿ ಚಾರ್ಜು ಮಾಡದ ಸಾಮಾನ್ಯ ಹೈಬ್ರಿಡ್‌ಗೆ ಆ ಭಾಗ್ಯವಿಲ್ಲ. ಅದರ ಬ್ಯಾಟರಿಯ ಕಸುವೆಲ್ಲ ಕೊನೆಗೂ ಪೆಟ್ರೋಲಿನದೇ. ಬ್ರೇಕ್ ಒತ್ತಿದಾಗ ವ್ಯರ್ಥವಾಗುವುದನ್ನು ಮರಳಿ ಹಿಡಿಯುವುದಷ್ಟೇ ಅದರ ಹೆಚ್ಚುಗಾರಿಕೆ.

ಆ ಪೆಟ್ರೋಲಿನಲ್ಲಿ ಈಗ ನೂರಕ್ಕೆ 20 ಪಾಲು ಎಥೆನಾಲ್. ಎಥೆನಾಲ್ ನೀರನ್ನು ಸೆಳೆಯುತ್ತದೆ, ಅದಕ್ಕೆ ಹೊಂದದ ರಬ್ಬರು-ಪ್ಲಾಸ್ಟಿಕ್ ಭಾಗಗಳನ್ನು ಕೆಡಿಸುತ್ತದೆ. ಇದನ್ನು ತಾಳುವಂತೆ ಮಾಡಿದ ಹೊಸ ಕಾರಿಗೆ ಗುಜರಿಯಿಂದ ತಂದ ಹಳೆಯ ಮಾದರಿಯ ಟ್ಯಾಂಕನ್ನು ಕೂಡಿಸಿದರೆ ಸೋರಿಕೆಯನ್ನು ಕೈಯಾರೆ ಬರಮಾಡಿಕೊಂಡಂತೆ.

ಆ ಎಥೆನಾಲಿನ ಒಂದು ದೊಡ್ಡ ಭಾಗ ಮೆಕ್ಕೆಜೋಳದಿಂದ ಬರುತ್ತದೆ. ಒಂದು ಟನ್ ಮೆಕ್ಕೆಜೋಳಕ್ಕೆ ಸುಮಾರು 380 ಲೀಟರ್ ಎಥೆನಾಲ್ ಎಂಬ ಲೆಕ್ಕದಲ್ಲಿ, 45 ಲೀಟರಿನ ಟ್ಯಾಂಕು ತುಂಬಲು ಸುಮಾರು 24 ಕಿಲೋ ಕಾಳು ಬೇಕು. ಕ್ವಿಂಟಲಿಗೆ 2,400 ರೂಪಾಯಿ ಬೆಂಬಲ ಬೆಲೆ ಘೋಷಣೆಯಾಗಿದ್ದರೂ ಆ ಬೆಲೆ ಸಿಗದೆ, ಖರೀದಿ ಕೇಂದ್ರ ತೆರೆಯಿರೆಂದು ಲಕ್ಷ್ಮೇಶ್ವರದಲ್ಲಿ ರೈತರು 2025ರ ನವೆಂಬರ್‌ನಲ್ಲಿ ಧರಣಿ ಕುಳಿತದ್ದು ಇದೇ ಕಾಳಿಗಾಗಿ. ಬೆವರಿನ ಬೆಲೆಯೇ ದಕ್ಕದ ಆ ಕಾಳು, ಹೊಂದದ ಟ್ಯಾಂಕಿನ ಸಂದಿಯಿಂದ ಆವಿಯಾಗಿ ಹೋಗುವುದನ್ನು ಜಾಣತನವೆಂದು ಕರೆಯಬೇಕೆ?

ಕಾನೂನೂ ಈ ವಿಷಯದಲ್ಲಿ ಸುಮ್ಮನಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ತಯಾರಕರ ಮೂಲ ವಿವರಗಳಿಗೆ ವಿರುದ್ಧವಾದ ಮಾರ್ಪಾಡನ್ನು ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಂತೆ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡೂ ಸಾಧ್ಯ.

ಇದರರ್ಥ ಗ್ಯಾರೇಜಿನ ಕುಶಲಕರ್ಮಿಯನ್ನು ಹಳಿಯುವುದಲ್ಲ. ಟ್ರ್ಯಾಕ್ಟರು, ಟಂಟಂಗಳನ್ನು ಕಡಿಮೆ ಖರ್ಚಿನಲ್ಲಿ ಬದುಕಿಸಿ ಈ ಸೀಮೆಯ ಬೇಸಾಯವನ್ನು ನಡೆಸುತ್ತಿರುವವನು ಅವನೇ. ದುರಸ್ತಿ ಬೇರೆ, ವಿರೂಪ ಬೇರೆ. ಸೋರುವ ಟ್ಯಾಂಕಿಗೆ ಅದೇ ಮಾದರಿಯ ಟ್ಯಾಂಕನ್ನು ಕೂಡಿಸುವುದು ದುರಸ್ತಿ. ಅದು ಪರಿಸರದ ಸೇವೆಯೂ ಹೌದು. ಆ ಮೂಲ ಬಿಡಿಭಾಗ ಹಳ್ಳಿಯ ಮಾಲೀಕನಿಗೆ ಕೈಗೆಟಕುವ ಬೆಲೆಗೆ ಸಿಗದಿದ್ದರೆ ತಪ್ಪು ಕಾರು ಮಾರಿದವರದು. 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ‘ದುರಸ್ತಿಯ ಹಕ್ಕು’ ಎಂಬ ಮಾಹಿತಿ ತಾಣವನ್ನು ತೆರೆದು, ವಾಹನಗಳನ್ನೂ ಅದರಲ್ಲಿ ಸೇರಿಸಿದೆ. ಆ ಹಕ್ಕು ಕಾಗದದಿಂದ ಗ್ಯಾರೇಜಿಗೆ ಇಳಿಯಬೇಕು. ಹೋರಾಟ ನಡೆಯಬೇಕಾದುದು ಅದಕ್ಕಾಗಿ, ಟ್ಯಾಂಕಿನ ಗಾತ್ರಕ್ಕಾಗಿ ಅಲ್ಲ.

ವಿದ್ಯಾರ್ಥಿಗಳು ಮನೆಮನೆಗೆ ತಿಳಿಸಬಹುದಾದ ಸಣ್ಣ ಸಂಗತಿಯೊಂದಿದೆ. ಬಂಕಿನಲ್ಲಿ ಪೆಟ್ರೋಲು ಹಾಕುವ ಕೊಳವೆ ‘ಟಕ್’ ಎಂದು ನಿಂತ ಮೇಲೂ ಕಂಠಮಟ್ಟ ತುಂಬಿಸಬಾರದು. ತುಂಬಿಸಿದರೆ ಪೆಟ್ರೋಲು ಇದ್ದಿಲ ಡಬ್ಬಿಗೆ ನುಗ್ಗಿ ಅದನ್ನು ಹಾಳುಗೆಡವುತ್ತದೆ. ಮುಚ್ಚಳ ಬಿಗಿಯಾಗಿರಲಿ, ಕಾರು ನೆರಳಿನಲ್ಲಿ ನಿಲ್ಲಲಿ, ಬಸ್ಸು ಹೋಗುವ ಊರಿಗೆ ಬಸ್ಸೇ ಹತ್ತಲಿ. ಟ್ಯಾಂಕನ್ನು ಹಿಗ್ಗಿಸುವುದು ಸುಲಭ. ಕುಗ್ಗಬೇಕಾದುದು ಅದನ್ನು ತುಂಬಿಸುವ ಹಸಿವು. ಹೈಬ್ರಿಡ್ ಕಾರು ಕೊಂಡವರು ಮೊದಲು ತಿಳಿಯಬೇಕಾದುದು ಇದನ್ನೇ.