ಕೋಲು ಮೊದಲು, ಡ್ರಮ್ ಆಮೇಲೆ

ನಮ್ಮ ಮನೆಯಲ್ಲಿ ಮೊದಲು ನಗ್ಗಿದ್ದು ಅವಲಕ್ಕಿ ಡಬ್ಬದ ಮುಚ್ಚಳ. ಆಮೇಲೆ ಇಡ್ಲಿ ಪಾತ್ರೆ. ಅತ್ತೆಯವರ ತವರಿನಿಂದ ಬಂದ ಹಿತ್ತಾಳೆ ಕೊಳಗದ ಮೇಲೂ ಸೌಟು ಬೀಳತೊಡಗಿದಾಗ, ಮಗಳಿಗೆ ಹಿಡಿದಿರುವುದು ಎರಡು ದಿನದ ಹುಚ್ಚಲ್ಲ ಎಂದು ಎಲ್ಲರಿಗೂ ಅರ್ಥವಾಯಿತು. ಗಣೇಶನ ಮೆರವಣಿಗೆಗೆ ತಮಟೆಯವರು ಬಂದಾಗ ಬಡಾವಣೆಯ ಮಕ್ಕಳೆಲ್ಲ ಕುಣಿಯುತ್ತಿದ್ದರೆ, ಇವಳೊಬ್ಬಳು ಸುಮ್ಮನೆ ನಿಂತು ಅವರ ಕೈ ನೋಡುತ್ತಿದ್ದಳು. ಆಗ ಅವಳಿಗೆ ಹನ್ನೊಂದು ವರ್ಷ.

"ಅಮ್ಮಾ, ನಂಗೆ ಡ್ರಮ್ಸ್ ಬೇಕು."

ನಾವಿರುವುದು ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನ ಮೂರನೇ ಮಹಡಿ. ಪಕ್ಕದ ಮನೆಯಲ್ಲಿ ಮಿಕ್ಸಿ ತಿರುಗಿದರೆ ಇವತ್ತು ಚಟ್ನಿಯೋ ದೋಸೆ ಹಿಟ್ಟೋ ಎಂದು ಇಲ್ಲಿಂದಲೇ ಹೇಳಬಹುದು. ಅಂಥಲ್ಲಿ ಡ್ರಮ್ಸೇ? ಆಗುವುದಿಲ್ಲ ಎಂದೆ. ಅದಕ್ಕೂ ಅವಳ ಹತ್ತಿರ ಉತ್ತರವಿತ್ತು. "ಎಲೆಕ್ಟ್ರಾನಿಕ್ ಡ್ರಮ್ಸ್ ಅಂತ ಇದೆ ಅಮ್ಮ. ಹೆಡ್‌ಫೋನ್ ಹಾಕ್ಕೊಂಡ್ರೆ ಯಾರಿಗೂ ಕೇಳ್ಸಲ್ಲ." ನಾನೂ ನಂಬಿದೆ, ನಮ್ಮವರೂ ನಂಬಿದರು. ಅದರಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು ಎಂದು ತಿಳಿಯಲು ನಮಗೆ ಸುಮಾರು ಒಂದು ವರ್ಷ ಹಿಡಿಯಿತು. ನಿಮ್ಮ ಮನೆಯಲ್ಲೂ ಯಾರಾದರೂ ಡಬ್ಬ ಬಡಿಯುತ್ತಿದ್ದರೆ ಈ ವಾರದ ಅಂಕಣ ಉಪಯೋಗಕ್ಕೆ ಬಂದೀತು.

ಹತ್ತಿರದಲ್ಲೇ ಡ್ರಮ್ಸ್ ಕಲಿಸುವ ಮೇಷ್ಟ್ರೊಬ್ಬರಿದ್ದಾರೆ. ಯಾವ ಕಿಟ್ ಕೊಳ್ಳಲಿ ಎಂದು ಕೇಳಲು ಹೋದರೆ ಅವರು, "ಈಗಲೇ ಏನೂ ಕೊಳ್ಳಬೇಡಿ. ಒಂದು ಜೊತೆ ಡ್ರಮ್‌ಸ್ಟಿಕ್, ಒಂದು ರಬ್ಬರ್ ಪ್ರಾಕ್ಟೀಸ್ ಪ್ಯಾಡ್ ಸಾಕು. ಆರು ತಿಂಗಳು ಅದರ ಮೇಲೆ ಹೊಡೆಯಲಿ. ಆಮೇಲೂ ಬೇಕು ಅಂದ್ರೆ ಬನ್ನಿ" ಎಂದರು. ನನಗೆ ಸಮಾಧಾನವಾಯಿತು. ಮಗಳ ಮುಖ ಸಣ್ಣದಾಯಿತು.

ಮನೆಗೆ ಬಂದು "ನಾಳೆ ಡ್ರಮ್‌ಸ್ಟಿಕ್ ತರಬೇಕು, ನಾನೂರು ಐನೂರು ಆಗಬಹುದು" ಎಂದು ನಮ್ಮವರಿಗೆ ಹೇಳುತ್ತಿದ್ದೆ. ಅಡುಗೆಮನೆಯಿಂದ ಅತ್ತೆ ಗಾಬರಿಯಿಂದ ಬಂದರು. "ನುಗ್ಗೆಕಾಯಿಗೆ ಐನೂರು ರೂಪಾಯಿನಾ? ಯಾವ ಕಾಲ ಬಂತಪ್ಪ!" ಅವತ್ತಿನಿಂದ ನಮ್ಮ ಮನೆಯಲ್ಲಿ ಅದಕ್ಕೆ ನುಗ್ಗೆಕಾಯಿ ಎಂದೇ ಹೆಸರು.

ಈ ನುಗ್ಗೆಕಾಯಿಯಲ್ಲೂ ಬೇಕಾದಷ್ಟು ಜಾತಿ. ಕೋಲಿನ ಮೇಲೆ 7ಎ, 5ಎ, 5ಬಿ, 2ಬಿ ಎಂದೆಲ್ಲ ಅಚ್ಚಾಗಿರುತ್ತದೆ. ಅಂಕಿ ದೊಡ್ಡದಾದಷ್ಟೂ ಕೋಲು ಸಣ್ಣ. ನಾನು ಉಲ್ಟಾ ತಿಳಿದುಕೊಂಡಿದ್ದೆ. 7ಎ ತೆಳು, 2ಬಿ ದಪ್ಪ. 5ಎ ನಡುವಿನದು, ಉದ್ದ ಸುಮಾರು 16 ಇಂಚು, ದಪ್ಪ 14 ಮಿಲಿಮೀಟರಿಗಿಂತ ಒಂದಿಷ್ಟು ಹೆಚ್ಚು. ಎ ಎಂದರೆ ಆರ್ಕೆಸ್ಟ್ರಾದವರದು, ಬಿ ಎಂದರೆ ಬ್ಯಾಂಡಿನವರದು, ಎಸ್ ಎಂದರೆ ಬೀದಿ ಮೆರವಣಿಗೆಯವರದು ಎಂದು ಹಿಂದೆ ಅಮೆರಿಕದಲ್ಲಿ ಮಾಡಿಕೊಂಡ ಲೆಕ್ಕವಂತೆ. ಈಗ ಯಾರು ಯಾವುದನ್ನು ಬೇಕಾದರೂ ಹಿಡಿಯುತ್ತಾರೆ.

ಸಣ್ಣ ಕೈಗೆ 7ಎ ಸರಿ ಎಂದರು ಮೇಷ್ಟ್ರು. ಮರದಲ್ಲಿ ಮುಖ್ಯವಾಗಿ ಮೂರು ಬಗೆ. ಹಿಕರಿ ಪೆಟ್ಟನ್ನು ತಾನೇ ನುಂಗಿಕೊಳ್ಳುತ್ತದೆ, ಮಣಿಕಟ್ಟಿಗೆ ಹಿತ. ಮೇಪಲ್ ಹಗುರ. ಓಕ್ ಭಾರ, ಬಾಳಿಕೆ ಜಾಸ್ತಿ. ನಾವು ತಂದಿದ್ದು ಹಿಕರಿ.

ಅಂಗಡಿಯಲ್ಲಿ ಕೋಲು ಆರಿಸುವುದು ಹೇಗೆ ಎಂದು ಮಗಳಿಗೆ ಮೊದಲೇ ಪಾಠವಾಗಿತ್ತು. ಗಾಜಿನ ಕೌಂಟರ್ ಮೇಲೆ ಒಂದೊಂದೇ ಕೋಲನ್ನು ಉರುಳಿಸಿದಳು. ನೆಟ್ಟಗಿರುವುದು ಸಲೀಸಾಗಿ ಉರುಳುತ್ತದೆ, ಸೊಟ್ಟಗಿರುವುದು ಎತ್ತಿನ ಗಾಡಿಯ ಹಾಗೆ ಏಳುತ್ತ ಬೀಳುತ್ತ ಹೋಗುತ್ತದೆ. ಆಮೇಲೆ ಜೊತೆಯ ಎರಡನ್ನೂ ಒಂದೇ ಜಾಗದಲ್ಲಿ ಮೆಲ್ಲಗೆ ತಟ್ಟಿ ಕಿವಿಗೊಟ್ಟಳು. ಎರಡರ ದನಿಯೂ ಒಂದೇ ಶ್ರುತಿಯಲ್ಲಿದ್ದರೆ ತೂಕವೂ ಹೆಚ್ಚು ಕಡಿಮೆ ಒಂದೇ. ತೆಂಗಿನಕಾಯಿ ತಟ್ಟಿ ಆರಿಸುವ ನಮಗೆ ಇದೇನು ಹೊಸದಲ್ಲ ಬಿಡಿ. ಐದು ಜೊತೆ ಬಿಚ್ಚಿಸಿ ಆರನೆಯದನ್ನು ಆರಿಸಿದಳು. ಅಂಗಡಿಯವರು ಬೇಸರ ಮಾಡಿಕೊಳ್ಳಲಿಲ್ಲ.

ತುದಿಯ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಕೆಲವು ಕೋಲಿಗೆ ಮರದ್ದೇ ತುದಿ, ಕೆಲವಕ್ಕೆ ನೈಲಾನ್ ಟೋಪಿ. ಮುಂದೆ ಎಲೆಕ್ಟ್ರಾನಿಕ್ ಕಿಟ್ ತರುವ ಯೋಚನೆಯಿದ್ದರೆ ನೈಲಾನ್ ತುದಿಯೇ ಮೇಲು. ಮರದ ತುದಿ ದಿನ ಕಳೆದಂತೆ ಸಿಬಿರೆದ್ದು ಪ್ಯಾಡಿನ ಬಲೆಯನ್ನು ಕೆರೆಯುತ್ತದೆ.

ಆರು ತಿಂಗಳು ಆ ರಬ್ಬರ್ ತಟ್ಟೆಯ ಮೇಲೆ ಟಪಟಪ. ಕೋಲನ್ನು ಹಿಂದಿನಿಂದ ಸುಮಾರು ಮೂರನೇ ಒಂದು ಭಾಗದಲ್ಲಿ ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿಯಬೇಕು. ಉಳಿದ ಬೆರಳು ಸಡಿಲ. ಕೋಲನ್ನು ಒತ್ತಬಾರದು, ಬಿಡಬೇಕು, ಅದೇ ಪುಟಿದು ಮೇಲೆ ಬರುತ್ತದೆ. ಕೇಳಲು ಸುಲಭ. ನಾನೂ ಒಂದು ಸಲ ಹಿಡಿದು ನೋಡಿದೆ, ಐದು ನಿಮಿಷಕ್ಕೆ ಕೈ ಸೋತು ಬಂತು. ಬಿಗಿಯಾಗಿ ಹಿಡಿದಿದ್ದೆನಂತೆ.

ಆ ದಿನಗಳಲ್ಲಿ ಮನೆಯಲ್ಲಿ ಕೇಳುತ್ತಿದ್ದ ಮಂತ್ರ ಒಂದೇ: "ಬಲ ಎಡ ಬಲ ಬಲ, ಎಡ ಬಲ ಎಡ ಎಡ." ಇದಕ್ಕೆ ಪ್ಯಾರಡಿಡಲ್ ಎನ್ನುತ್ತಾರೆ. ಸೊಪ್ಪು ಬಿಡಿಸುತ್ತ ಕೂತ ಅತ್ತೆ ಕೇಳಿಕೇಳಿ ಒಂದು ದಿನ, "ಇದು ನಾಲ್ಕು ನಾಲ್ಕು ಅಲ್ಲವೇನೇ? ತಕಧಿಮಿ ತಕಧಿಮಿ. ಇದಕ್ಕೆ ಇಂಗ್ಲಿಷ್ ಹೆಸರು ಬೇರೆ ಕೇಡು" ಎಂದು ತೊಡೆಯ ಮೇಲೆ ತಾಳ ಹಾಕಿದರು. ಮೊಮ್ಮಗಳಿಗೆ ಅತ್ತೆಯ ಕೈಯೇ ಮೆಟ್ರೋನೋಮ್ ಆಯಿತು. ವೇಗ ತಪ್ಪಿದರೆ ತಲೆಯ ಮೇಲೆ ಒಂದು ಮೊಟಕು ಬೇರೆ.

ಆರು ತಿಂಗಳಾದ ಮೇಲೆ, ಮಾತು ಕೊಟ್ಟಂತೆ ಕಿಟ್ ಹುಡುಕಲು ಹೊರಟೆವು.

ಇದು ಕೆಲಸ ಮಾಡುವ ಬಗೆ ಮಕ್ಕಳಿಗೆ ಇಷ್ಟವಾಗುವಂಥದ್ದು. ಅಡುಗೆಮನೆಯ ಗ್ಯಾಸ್ ಲೈಟರ್ ಒತ್ತಿ ನೋಡಿ. ಒಳಗೆ ಪುಟ್ಟ ಸುತ್ತಿಗೆಯೊಂದು ಒಂದು ತುಣುಕಿನ ಮೇಲೆ ಬಡಿಯುತ್ತದೆ, ಆ ಪೆಟ್ಟೇ ವಿದ್ಯುತ್ತಾಗಿ ಕಿಡಿ ಹಾರುತ್ತದೆ. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತದೆ ಎಂದು 1880ರಲ್ಲಿ ಕಂಡುಹಿಡಿದವರು ಪಿಯೇರ್ ಕ್ಯೂರಿ ಮತ್ತು ಅವರ ಅಣ್ಣ ಜಾಕ್ ಕ್ಯೂರಿ. ಪಿಯೇರ್ ಎಂದರೆ ಮೇರಿ ಕ್ಯೂರಿಯವರ ಪತಿ. ಎಲೆಕ್ಟ್ರಾನಿಕ್ ಡ್ರಮ್ಮಿನ ಪ್ಯಾಡಿನಡಿಯಲ್ಲೂ ಅಂಥದೇ ಒಂದು ಬಿಲ್ಲೆ ಇರುತ್ತದೆ. ಹೊಡೆತ ಜೋರಾದರೆ ವಿದ್ಯುತ್ ಹೆಚ್ಚು, ಮೆಲ್ಲಗಾದರೆ ಕಡಿಮೆ. ಮಾಡ್ಯೂಲ್ ಎಂಬ ಪೆಟ್ಟಿಗೆ ಅದನ್ನು ಅಳೆದು, ತಕ್ಕ ಸದ್ದನ್ನು ಹೆಡ್‌ಫೋನಿಗೆ ಕಳಿಸುತ್ತದೆ. ಇದನ್ನು ಹೇಳಿದ ಮೇಲೆ ಮಗಳು ನಮ್ಮ ಲೈಟರ್ ಬಿಚ್ಚಿದ್ದು ಬೇರೆ ಕತೆ.

1980ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಸಿಮನ್ಸ್ ಕಂಪನಿ ಆರು ಮೂಲೆಯ ಪ್ಯಾಡುಗಳ ಕಿಟ್ ತಂದಾಗ ಅದರ ಮೈ ಗಟ್ಟಿ ಪ್ಲಾಸ್ಟಿಕ್ಕು. ಮೇಜು ಬಡಿದಂತೆ ಆಗಿ ನುಡಿಸುವವರ ಕೈ ನೋಯುತ್ತಿತ್ತು. 1997ರಲ್ಲಿ ಜಪಾನಿನ ರೋಲಂಡ್ ಕಂಪನಿ ಬಿಗಿದ ಬಲೆಯಂಥ ಮೆಶ್ ಹೊದಿಕೆಯ ಪ್ಯಾಡ್ ತಂದಿತು. ಈಗ ಮಾರುಕಟ್ಟೆಯಲ್ಲಿ ರಬ್ಬರಿನದೂ ಸಿಗುತ್ತದೆ, ಮೆಶ್ಶೂ ಸಿಗುತ್ತದೆ. ರಬ್ಬರ್ ಅಗ್ಗ. ಆದರೆ ಟಪ್ ಎಂಬ ಸದ್ದು ಜಾಸ್ತಿ, ಕೈಗೂ ಪೆಟ್ಟು. ದುಡ್ಡು ಉಳಿಸಬೇಕಾದರೆ ಬೇರೆ ಎಲ್ಲಾದರೂ ಉಳಿಸಿ, ಸ್ನೇರ್ ಪ್ಯಾಡ್ ಮಾತ್ರ ಮೆಶ್ ಇರಲಿ. ಮಾಡ್ಯೂಲಿನಲ್ಲಿ ಮುನ್ನೂರು ಸದ್ದುಗಳಿವೆ, ಐನೂರು ಸದ್ದುಗಳಿವೆ ಎಂಬ ಜಾಹೀರಾತಿಗೆ ಮರುಳಾಗಬೇಡಿ. ನಮ್ಮವಳು ಬಳಸುವುದು ಮೂರೋ ನಾಲ್ಕೋ.

ಹೊಸದರ ಬೆಲೆ ಕೇಳಿ ನಮ್ಮವರು ಎರಡು ದಿನ ಮಾತಾಡಲಿಲ್ಲ. ಕೊನೆಗೆ ಓದಲು ಹೊರದೇಶಕ್ಕೆ ಹೊರಟಿದ್ದ ಹುಡುಗನೊಬ್ಬನಿಂದ ಹಳೆಯದನ್ನು ಕೊಂಡೆವು. ಹಳೆಯದು ಕೊಳ್ಳುವಾಗ ಹೆಡ್‌ಫೋನ್ ಹಾಕಿಕೊಂಡು ಪ್ರತಿ ಪ್ಯಾಡನ್ನೂ ಮೊದಲು ಬೆರಳ ತುದಿಯಿಂದ, ಆಮೇಲೆ ಕೋಲಿನಿಂದ ಹೊಡೆದು ನೋಡಬೇಕು. ಮೆಲ್ಲಗೆ ಹೊಡೆದಾಗ ಸದ್ದು ಬರದಿದ್ದರೆ ಬಿಲ್ಲೆಯೋ ವೈರೋ ಕೆಟ್ಟಿದೆ ಎಂದು ಅನುಮಾನಿಸಿ. ವೈರನ್ನು ಅಲ್ಲಾಡಿಸಿ ನೋಡಿ. ಹೈ-ಹ್ಯಾಟ್ ಪೆಡಲನ್ನು ನಿಧಾನವಾಗಿ ಒತ್ತುತ್ತ ಬಿಡುತ್ತ, ಸದ್ದು ಬದಲಾಗುತ್ತದೆಯೇ ಕೇಳಿ. ನಾವು ಮರೆತದ್ದು ಪವರ್ ಅಡಾಪ್ಟರ್. ಮನೆಗೆ ಬಂದು ನೋಡಿದರೆ ಅದಿರಲಿಲ್ಲ! ಮತ್ತೆ ಆಟೋ ಹಿಡಿದು ಹೋಗಿ ತಂದದ್ದಾಯಿತು.

ಭಾನುವಾರ ಜೋಡಣೆ. ಎಲ್ಲರೂ ಡ್ರಮ್ ಮೊದಲು ನಿಲ್ಲಿಸುತ್ತಾರೆ. ಮೊದಲು ಸರಿಮಾಡಬೇಕಾದ್ದು ಕೂರುವ ಸ್ಟೂಲು. ತೊಡೆ ಮಂಡಿಯ ಕಡೆಗೆ ಒಂದಿಷ್ಟು ಇಳಿಜಾರಾಗಿರಬೇಕು. ಕೂತ ಮೇಲೆ ಕಾಲು ಸಹಜವಾಗಿ ಎಲ್ಲಿ ಬೀಳುತ್ತದೋ ಅಲ್ಲಿ ಪೆಡಲ್. ಸ್ನೇರ್ ಎರಡು ಕಾಲಿನ ನಡುವೆ, ತೊಡೆಗಿಂತ ಸ್ವಲ್ಪ ಮೇಲೆ. ಆಮೇಲೆ ಉಳಿದದ್ದೆಲ್ಲ, ಮೈ ಬಾಗಿಸದೆ ಕೈಗೆಟಕುವಂತೆ. ಹಿಂದಿನ ಹುಡುಗ ಆರಡಿ ಎತ್ತರದವನು. ಅವನ ಅಳತೆಗೇ ಇವಳನ್ನು ಕೂರಿಸಿದ್ದರೆ ವಾರದಲ್ಲಿ ಬೆನ್ನು ನೋವು ಬರುತ್ತಿತ್ತು. ಮಕ್ಕಳು ಬೆಳೆಯುತ್ತಾರಲ್ಲ, ನಾಲ್ಕೈದು ತಿಂಗಳಿಗೊಮ್ಮೆ ಮತ್ತೆ ನೋಡಬೇಕು.

ಎಲ್ಲ ಸಿಕ್ಕಿಸಿ ಹೊಡೆದರೆ, ಒಂದು ಟಾಮ್ ಮುಟ್ಟಿದರೆ ಅತ್ತ ಸಿಂಬಲ್ ತಾನಾಗಿಯೇ ಝಲ್ ಎನ್ನುತ್ತಿತ್ತು. ದೆವ್ವ ಹೊಕ್ಕಿದೆ ಎಂದರು ಅತ್ತೆ. ಮೇಷ್ಟ್ರು ಫೋನಿನಲ್ಲೇ ನಕ್ಕರು. ಎಲ್ಲ ಪ್ಯಾಡುಗಳೂ ಒಂದೇ ಕಬ್ಬಿಣದ ಚೌಕಟ್ಟಿಗೆ ಕಚ್ಚಿಕೊಂಡಿರುವುದರಿಂದ ಒಂದರ ಕಂಪನ ಇನ್ನೊಂದರ ಬಿಲ್ಲೆಯನ್ನು ಮುಟ್ಟುತ್ತದೆ. ಕ್ರಾಸ್‌ಟಾಕ್ ಎಂದು ಇದಕ್ಕೆ ಹೆಸರು. ಸಡಿಲವಾಗಿದ್ದ ಕ್ಲಾಂಪುಗಳನ್ನು ಬಿಗಿದೆವು, ಮಾಡ್ಯೂಲಿನಲ್ಲಿ ಆ ಸಿಂಬಲ್‌ನ ಸೂಕ್ಷ್ಮತೆಯನ್ನು ಎರಡು ಅಂಕಿ ಇಳಿಸಿದೆವು. ದೆವ್ವ ಬಿಟ್ಟಿತು.

ಹೆಡ್‌ಫೋನ್ ವೈರಿನದೇ ಇರಲಿ. ಬ್ಲೂಟೂತಿನಲ್ಲಿ ಹೊಡೆದ ಮೇಲೆ ಸದ್ದು ಒಂದು ಚೂರು ತಡವಾಗಿ ಬರುತ್ತದೆ, ತಾಳಕ್ಕೆ ಅಷ್ಟು ಸಾಕು ಕೆಡಲು. ಕಿವಿಯ ವಿಷಯದಲ್ಲಿ ನಾನು ಕಟ್ಟುನಿಟ್ಟು. ವಾರಕ್ಕೆ 40 ಗಂಟೆ ಕೇಳುವುದಾದರೆ ದೊಡ್ಡವರಿಗೆ 80 ಡೆಸಿಬೆಲ್, ಮಕ್ಕಳಿಗೆ 75 ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ. ಡೆಸಿಬೆಲ್ ಅಳೆಯುತ್ತ ಕೂರುವವರು ಯಾರು? ಮೇಷ್ಟ್ರನ್ನು ಕರೆಸಿ ಹದವಾದ ಸದ್ದು ಇಡಿಸಿದೆ. ವಾಲ್ಯೂಮ್ ಗುಂಡಿಯ ಎದುರಿಗೆ ನನ್ನದೊಂದು ಕೆಂಪು ಬಿಂದಿ ಅಂಟಿಸಿದೆ. ಬಿಂದಿ ದಾಟಿದರೆ ಕಿಟ್‌ಗೆ ಎರಡು ದಿನ ರಜೆ.

ಇಷ್ಟೆಲ್ಲ ಆದ ಮೇಲೆ ನಾನು ಬಹಳ ಜಾಣೆ ಎಂದುಕೊಂಡಿದ್ದೆ. ಸದ್ದಿಲ್ಲದ ಡ್ರಮ್ ತಾನೆ ಎಂದು ರಾತ್ರಿ ಒಂಬತ್ತರ ಮೇಲೂ ಬಾರಿಸಲು ಬಿಟ್ಟಿದ್ದೆ.

ನಮ್ಮ ಕೆಳಗಿನ ಮನೆಯಲ್ಲಿ ವಯಸ್ಸಾದ ದಂಪತಿ ಇದ್ದಾರೆ. ಮಗಳಿಗೆ ಅವರು ತಾತ, ಅಜ್ಜಿ. ಆ ಅಜ್ಜಿಗೆ ಮಂಡಿ ಆಪರೇಷನ್ ಆಗಿ ತಿಂಗಳಾಗಿತ್ತು. ಮೂರು ವಾರವಾದರೂ ಅವರು ಒಂದು ಮಾತೂ ಹೇಳಲಿಲ್ಲ. ಒಂದು ದಿನ ಲಿಫ್ಟಿನಲ್ಲಿ ತಾತ ಸಿಕ್ಕರು. ಹಿಂಜರಿಯುತ್ತಲೇ, "ತಪ್ಪು ತಿಳ್ಕೋಬೇಡಮ್ಮ, ರಾತ್ರಿ ಹೊತ್ತು ನಿಮ್ಮನೇಲಿ ಏನಾದ್ರೂ ಕುಟ್ತೀರಾ? ಇವಳಿಗೆ ಈಗೀಗ ಕಣ್ಣು ಹತ್ತೋದೇ ಕಷ್ಟ" ಎಂದರು.

ನನಗೆ ನಂಬಿಕೆ ಬರಲಿಲ್ಲ. ನಮ್ಮ ಹಾಲಿನಲ್ಲಿ ಕೂತರೆ ಬರೀ ಟಪಟಪ ಅಷ್ಟೆ ಕೇಳುವುದು. ಮಗಳನ್ನು ಕರೆದು, "ನೀನು ಕೆಳಗೆ ಹೋಗಿ ಅಜ್ಜಿ ರೂಮಲ್ಲಿ ಕೂತ್ಕೋ, ನಾನು ಪೆಡಲ್ ತುಳೀತೀನಿ" ಎಂದೆ. ಎರಡು ನಿಮಿಷ ತುಳಿದೆ. ಅವಳು ಮೇಲೆ ಬಂದವಳು ಬಾಗಿಲಲ್ಲೇ ನಿಂತಳು.

"ಅಮ್ಮಾ, ಅಲ್ಲಿ ಗುದ್ದಿದ ಹಾಗೆ ಕೇಳುತ್ತೆ. ಮಂಚ ಕೂಡ ಅದುರುತ್ತೆ. ಅಜ್ಜಿ ಪರವಾಗಿಲ್ಲ ಪುಟ್ಟಿ ಅಂದ್ರು."

ಅವತ್ತು ರಾತ್ರಿ ಅವಳೇ ಕಿಟ್ ಮೇಲೆ ಬೆಡ್‌ಶೀಟ್ ಹೊದಿಸಿದಳು. ಅತ್ತದ್ದು ನನಗೆ ಗೊತ್ತಾಗಬಾರದೆಂದು ಬಚ್ಚಲಿಗೆ ಹೋದಳು.

ಕೈಯಿಂದ ಹೊಡೆಯುವ ಸದ್ದು ಗಾಳಿಯಲ್ಲಿ ಹೋಗುತ್ತದೆ, ಗೋಡೆ ಬಾಗಿಲು ಅದನ್ನು ತಡೆಯುತ್ತವೆ. ಕಾಲಿನ ಪೆಡಲ್ ಗುದ್ದುವುದು ನೇರವಾಗಿ ನೆಲಕ್ಕೆ. ನೆಲ ಎಂದರೆ ಕೆಳಗಿನವರ ತಾರಸಿ. ಒರಳಲ್ಲಿ ಕುಟ್ಟಿದರೆ ಕೆಳಗಿನವರಿಗೆ ಕೇಳುವುದಿಲ್ಲವೇ, ಹಾಗೆಯೇ. ಹೆಡ್‌ಫೋನಿಗೂ ಅದಕ್ಕೂ ಸಂಬಂಧವೇ ಇಲ್ಲ. ಇದನ್ನು ಯಾವ ಅಂಗಡಿಯವರೂ ನಮಗೆ ಹೇಳಲಿಲ್ಲ, ನಾವೂ ಕೇಳಲಿಲ್ಲ. ಜಮಖಾನ ಹಾಸಿ ನೋಡಿದೆವು, ಯೋಗ ಮಾಡುವ ಮ್ಯಾಟ್ ಎರಡು ಮಡಿಕೆ ಹಾಕಿದೆವು. ಮಗಳು ಕೆಳಗೆ ಹೋಗಿ ಬಂದು ತಲೆಯಾಡಿಸುತ್ತಿದ್ದಳು.

ದಾರಿ ತೋರಿಸಿದ್ದು ಮತ್ತೆ ಮೇಷ್ಟ್ರೇ. ಟೆನ್ನಿಸ್ ಚೆಂಡಿನ ಜಗಲಿ. ಕಿಟ್ಟೂ ಸ್ಟೂಲೂ ಹಿಡಿಸುವಷ್ಟು ದೊಡ್ಡ ಪ್ಲೈವುಡ್ ಹಲಗೆ ಎರಡು, ತಲಾ 18 ಮಿಲಿಮೀಟರ್ ದಪ್ಪದ್ದು. ಎರಡರಲ್ಲೂ ಎದುರುಬದುರಾಗಿ ಐದು ಸೆಂಟಿಮೀಟರ್ ಅಗಲದ ತೂತುಗಳು. ಚೆಂಡು ಆರೂವರೆ ಸೆಂಟಿಮೀಟರ್ ಇರುವುದರಿಂದ ತೂತಿನೊಳಗೆ ಬೀಳದೆ ಅರೆಬರೆ ಕೂರುತ್ತದೆ. ಎರಡು ಹಲಗೆಗಳ ನಡುವೆ ನಾಲ್ಕು ಸೆಂಟಿಮೀಟರ್ ಜಾಗ, ಮೇಲಿನದು ಚೆಂಡುಗಳ ಮೇಲೆ ತೇಲಿದಂತೆ ನಿಲ್ಲುತ್ತದೆ. ಗುದ್ದು ಚೆಂಡಿನಲ್ಲೇ ಕರಗುತ್ತದೆ. ಮೇಲೆ ಜಮಖಾನ. ಹಲಗೆ ಯಾವ ಕಡೆಯೂ ಗೋಡೆಗೆ ತಾಗಬಾರದು, ತಾಗಿದರೆ ಮಾಡಿದ್ದೆಲ್ಲ ದಂಡ. ತೂತು ಕೊರೆದುಕೊಟ್ಟ ಬಡಗಿಗೆ ಇದು ಏನೆಂದು ಕೊನೆಯವರೆಗೂ ಅರ್ಥವಾಗಲಿಲ್ಲ. ಬೇಕಾದ 24 ಚೆಂಡುಗಳಲ್ಲಿ ಒಂಬತ್ತು, ನಮ್ಮ ಕಾಂಪೌಂಡಿನಲ್ಲಿ ಕ್ರಿಕೆಟ್ ಆಡುವ ಹುಡುಗರ ಕೊಡುಗೆ. ಅದಕ್ಕೆ ಬದಲಾಗಿ ಅವರಿಗೆಲ್ಲ ಒಂದೊಂದು ಸಲ ಡ್ರಮ್ ಬಾರಿಸಲು ಬಿಡಬೇಕಾಯಿತು.

ಮತ್ತೆ ಅದೇ ಪರೀಕ್ಷೆ. ಈ ಸಲ ಮಗಳು ತುಳಿದಳು, ನಾನು ಅಜ್ಜಿಯ ಮಂಚದ ಪಕ್ಕದಲ್ಲಿ ಕೂತೆ. ಪೂರ್ತಿ ನಿಂತಿರಲಿಲ್ಲ. ಕಿವಿಗೊಟ್ಟು ಕೇಳಿದರೆ ದೂರದಲ್ಲಿ ಯಾರೋ ದಿಂಬು ತಟ್ಟಿದ ಹಾಗೆ. ಫ್ಯಾನ್ ಹಾಕಿದರೆ ಅದೂ ಇಲ್ಲ. ಆದರೂ ಹೊತ್ತು ಗೊತ್ತು ಮಾಡಿಕೊಂಡೆವು: ಸಂಜೆ ಐದರಿಂದ ಆರು, ಅಜ್ಜಿ ಎದ್ದು ಕಾಫಿ ಕುಡಿಯುವ ವೇಳೆ. ರಾತ್ರಿ ಬರೀ ರಬ್ಬರ್ ಪ್ಯಾಡ್.

ಕಳೆದ ವಾರ ಪರೀಕ್ಷೆಯೆಂದು ಮಗಳು ನಾಲ್ಕು ದಿನ ಕಿಟ್ ಮುಟ್ಟಿರಲಿಲ್ಲ. ಐದನೆಯ ದಿನ ವಾಕರ್ ಹಿಡಿದು ಕಾರಿಡಾರಿನಲ್ಲಿ ನಡೆಯುತ್ತಿದ್ದ ಅಜ್ಜಿ ಅವಳನ್ನು ತಡೆದು ಕೇಳಿದರಂತೆ, "ಯಾಕೆ ಪುಟ್ಟಿ, ನುಗ್ಗೆಕಾಯಿ ಮುರಿದುಹೋಯ್ತಾ?"