ಒತ್ತಾಯದ ಸೈನ್ಯ, ಒಪ್ಪಿದ ಸೈನ್ಯ

'ಹೊತ್ತುಕೊಂಡು ಹೋದ ನಾಯಿ ಮೊಲ ಹಿಡಿದೀತೆ?' ಎಂಬುದು ನಮ್ಮ ಹಿರಿಯರ ಗಾದೆ. ಮಾತು ಒರಟಾದರೂ ಅರ್ಥ ದೊಡ್ಡದು. ಮನಸ್ಸಿಲ್ಲದವನಿಂದ ಕೆಲಸ ಸಾಗದು. ಒಂದು ದೇಶದ ಸೈನ್ಯಕ್ಕೂ ಈ ಮಾತು ಸಲ್ಲುವುದೇ ಎಂಬುದಕ್ಕೆ ಅಮೆರಿಕದ ಅನುಭವವನ್ನು ನೋಡೋಣ.

ಎರಡನೆಯ ಮಹಾಯುದ್ಧದ ಕಾಲದಿಂದ, ನಡುವೆ ಅಲ್ಪಕಾಲ ಬಿಟ್ಟರೆ, ಅಲ್ಲಿ ತರುಣರನ್ನು ಕಡ್ಡಾಯವಾಗಿ ಸೈನ್ಯಕ್ಕೆ ಸೇರಿಸುತ್ತಿದ್ದರು. ವಿಯೆಟ್ನಾಂ ಯುದ್ಧದಲ್ಲಿ ಈ ಪದ್ಧತಿಯ ಕುಂದು ಬಯಲಾಯಿತು. ಕಾಲೇಜು ಓದುವವರು ಕರೆಯನ್ನು ಮುಂದೂಡಿಸಿಕೊಳ್ಳಬಹುದಾಗಿತ್ತು. ಓದುವ ಅನುಕೂಲವಿಲ್ಲದ ಬಡವರ ಮಕ್ಕಳಿಗೆ ಆ ದಾರಿ ಇರಲಿಲ್ಲ. 1969ರ ಡಿಸೆಂಬರ್ 1ರಂದು ವರ್ಷದ 366 ದಿನಾಂಕಗಳನ್ನು ಗಾಜಿನ ಪಾತ್ರೆಯಲ್ಲಿ ಹಾಕಿ ಚೀಟಿ ಎತ್ತಿದರು. ಮಗ ಹುಟ್ಟಿದ ದಿನ ಮೊದಲೇ ಬಂದರೆ ಅವನು ಯುದ್ಧಕ್ಕೆ! ಆ ರಾತ್ರಿ ತಾಯಂದಿರ ಎದೆ ಹೇಗೆ ಹೊಡೆದುಕೊಂಡಿರಬೇಕು!

ಅಧ್ಯಕ್ಷ ನಿಕ್ಸನ್ ನೇಮಿಸಿದ್ದ ಗೇಟ್ಸ್ ಆಯೋಗ 1970ರಲ್ಲಿ ವರದಿ ಕೊಟ್ಟಿತು. ಅಲ್ಪ ಸಂಬಳಕ್ಕೆ ಒತ್ತಾಯದಿಂದ ದುಡಿಸುವುದು ಆ ತರುಣರ ಮೇಲೆ ಹೇರಿದ ಗುಪ್ತ ತೆರಿಗೆಯೇ ಸರಿ ಎಂಬುದು ಅದರ ವಾದ. 1971ರಲ್ಲಿ ಹೊಸ ಸೈನಿಕರ ಮೂಲ ಸಂಬಳ ಸುಮಾರು ಇಮ್ಮಡಿಯಾಯಿತು. 1973ರಲ್ಲಿ ಕಡ್ಡಾಯ ಸೇರ್ಪಡೆ ನಿಂತಿತು.

ಅಲ್ಲಿಗೆ ಎಲ್ಲವೂ ಸರಿಹೋಯಿತೇ? ಇಲ್ಲ. ಬೆಲೆಗಳು ಏರಿದವು, ಸಂಬಳ ಹಿಂದುಳಿಯಿತು. 1979ರಲ್ಲಿ ಭೂ, ನೌಕಾ, ವಾಯು ದಳಗಳಿಗೆ ಬೇಕಾದಷ್ಟು ಜನರೇ ಸಿಗಲಿಲ್ಲ. 1980 ಮತ್ತು 1981ರಲ್ಲಿ ಮತ್ತೆ ಸಂಬಳ ಹೆಚ್ಚಿಸಿ, ಮುಂದೆ ಕಾಲೇಜು ಓದಿಗೆ ನೆರವಿನ ಕಾನೂನನ್ನೂ ತಂದ ಮೇಲೆ ಪರಿಸ್ಥಿತಿ ಸುಧಾರಿಸಿತು. ಒತ್ತಾಯವನ್ನು ಒಂದು ದಿನದಲ್ಲಿ ರದ್ದು ಮಾಡಬಹುದು. ಅದರ ಜಾಗದಲ್ಲಿ ಗೌರವವನ್ನು ಕಟ್ಟಲು ಹತ್ತು ವರ್ಷ ಬೇಕು.

ಒಪ್ಪಿ ಬಂದವರ ಸೈನ್ಯವೇ ಮೇಲೆಂದು ನಾವೂ ನಂಬುತ್ತೇವೆ. ಆದರೆ ಅದಕ್ಕೊಂದು ಅಪಾಯವಿದೆ. ಚೀಟಿಯ ಭಯವಿದ್ದಾಗ ಯುದ್ಧ ಏಕೆಂದು ಮನೆಮನೆಯೂ ಕೇಳುತ್ತಿತ್ತು. ಬೇರೆಯವರ ಮಕ್ಕಳು ಹೋಗುವಾಗ ಕೇಳುವವರಾರು?

ನಮ್ಮ ಸಂವಿಧಾನದ 23ನೆಯ ವಿಧಿಯು ಸಾರ್ವಜನಿಕ ಉದ್ದೇಶಕ್ಕೆ ಕಡ್ಡಾಯ ಸೇವೆ ವಿಧಿಸಲು ಅವಕಾಶ ಕೊಟ್ಟಿದ್ದರೂ, ಸ್ವತಂತ್ರ ಭಾರತದ ಸೈನ್ಯ ಒಪ್ಪಿ ಬಂದವರದೇ. ಆದುದರಿಂದ ಈ ಪ್ರಶ್ನೆ ನಮ್ಮದೂ ಹೌದು. ಮಗ ಸೈನ್ಯಕ್ಕೆ ಹೊರಟರೆ, ಅದು ಅವನ ಮನಸ್ಸೋ ಮನೆಯ ಬಡತನವೋ ಎಂದು ಪಾಲಕರು ಕೇಳಬೇಕು. ಪಕ್ಕದ ಮನೆಯ ಮಗ ಹೊರಟರೆ, ಅವನು ನಮ್ಮ ಬದಲಿಗೆ ಹೋಗುತ್ತಿದ್ದಾನೆಂದು ಉಳಿದವರು ನೆನೆಯಬೇಕು. ವಿದ್ಯಾರ್ಥಿಗಳೇ, ಒತ್ತಾಯವಿಲ್ಲದಲ್ಲಿ ಹೊಣೆ ಇಲ್ಲವೆಂದಲ್ಲ. ಅಲ್ಲಿ ಹೊಣೆ ಇನ್ನೂ ಹೆಚ್ಚು.