ಉಳೀತು ಅಂತೀರಲ್ಲ, ಎಲ್ಲಿ ಐತಿ ತೋರಸ್ರಿ

1/6
ದೀಪಾವಳಿ ಸೇಲ್‌ಗೆ ಜಮಖಂಡಿಗೆ ಹೋಗಿ ಬಂದವರೆಲ್ಲ ಸ್ಟೋರಿ ಹಾಕೀರಿ. ಎರಡೂ ಕೈಯಾಗ ಚೀಲ, ಮ್ಯಾಲ ಒಂದು ಸಾಲು: "ಇವತ್ತ 800 ರೂಪಾಯಿ ಉಳಿಸಿದೆ." ಆ 800 ಈಗ ಎಲ್ಲಿ ಐತಿ? ಕಿಸೆದಾಗ ಇಲ್ಲ, ಬ್ಯಾಂಕ್ ಅಕೌಂಟ್‌ದಾಗ ಇಲ್ಲ, ಅವ್ವನ ಡಬ್ಬಿಯಾಗಂತೂ ಇಲ್ಲವೇ ಇಲ್ಲ. ನಾನು ಸೀದಾ ಹೇಳ್ತೀನಿ: ಹಬ್ಬದ ಸೇಲ್‌ನ ನೂಕುನುಗ್ಗಲಿಗೆ ಹೋಗೋದು ನಮ್ಮಂಥ ಮನೆಗಳಿಗೆ ಲುಕ್ಸಾನಿನ ವ್ಯವಹಾರ. ಸಿಟ್ಟು ಬಂದ್ರೂ ಪೂರ್ತಿ ಓದಿ ಆಮ್ಯಾಲ ಬೈರಿ.

2/6
ಬಿಕಾಂ ದೋಸ್ತರಿಗೆ ಇದು ಗೊತ್ತಿರಬೇಕು. ಪಟ್ಟಿ ಬೆಲೆ 2,000, ಟ್ರೇಡ್ ಡಿಸ್ಕೌಂಟ್ 40%. ಜರ್ನಲ್‌ದಾಗ ಏನು ಬರೀತೀರಿ? ಖರೀದಿ 1,200. ಅಷ್ಟೇ. ಉಳಿದ 800 ಯಾವ ಖಾತೆಗೂ ಹೋಗಂಗಿಲ್ಲ, ಯಾಕಂದ್ರ ಆ ರೊಕ್ಕ ಯಾರ ಕೈಯಿಂದನೂ ದಾಟಿಲ್ಲ. ಪರೀಕ್ಷೆಯಲ್ಲಿ 800 ಬರೆದು ಬಂದರೆ ಮಾರ್ಕ್ಸ್ ಕಟ್, ಸ್ಟೋರಿಯಲ್ಲಿ ಬರೆದರೆ ನೂರು ಲೈಕ್!

ಮತ್ತ ಆ 2,000 ಅನ್ನೋದು ಏನು? ಎಂಆರ್‌ಪಿ. ಅಂದ್ರ ಇದಕ್ಕಿಂತ ಹೆಚ್ಚಿಗಿ ತಗೋಬಾರದು ಅನ್ನೋ ಮೇಲಿನ ಗಡಿ. ಆ ವಸ್ತು ಯಾವತ್ತಾದ್ರೂ ಆ ಬೆಲೆಗೆ ಮಾರಾಟ ಆಗೇತಿ ಅಂತ ಅದರ ಅರ್ಥ ಅಲ್ಲ. ಬೋರ್ಡ್ ಮ್ಯಾಲ "50%" ಎಮ್ಮೆಯಷ್ಟು ದೊಡ್ಡದು, ಪಕ್ಕದಾಗ "ವರೆಗೆ" ಅನ್ನೋದು ಇರುವೆಯಷ್ಟು. ಅದನ್ನ ಝೂಮ್ ಮಾಡಿ ನೋಡ್ರಿ.

3/6
ಈಗ ಅಂಗಡಿಯವರ ಕಡೆಯಿಂದ ಯೋಚನೆ ಮಾಡ್ರಿ. ದೀಪಾವಳಿಗೆ ಅರಿವಿ ತಗೋಳಾಕ ಜನ ಹೆಂಗಿದ್ರೂ ಬರ್ತಾರ. ಕರೀದೆ ಬರೋ ಗಿರಾಕಿಗೆ ಯಾರಾದ್ರೂ ಯಾಕ ರೇಟ್ ಇಳಸ್ತಾರ? ಖರೇ ಇಳಿಸೋದು ಆಷಾಢದಾಗ. ಆಗ ಮದುವಿ ಇಲ್ಲ, ಮುಂಜಿವಿ ಇಲ್ಲ, ಅಂಗಡಿ ಬಾಡಿಗೆ ಮಾತ್ರ ತಪ್ಪಂಗಿಲ್ಲ. ಶ್ರಾವಣದ ಹೊಸ ಮಾಲು ಬರೋದ್ರೊಳಗ ಹಳೇದು ಖಾಲಿ ಆಗಬೇಕು. ಆ ತಿಂಗಳು ಹೋದರೆ ಕುಂದರಿಸಿ ಚಹಾ ಕೊಟ್ಟು ಹತ್ತು ಸೀರಿ ಬಿಚ್ಚಿ ತೋರಸ್ತಾರ, ಚೌಕಾಸಿನೂ ನಡೀತೈತಿ. ಗಾಂಧಿ ಜಯಂತಿ ಹೊತ್ತಿಗೆ ಖಾದಿ ಭಂಡಾರದಾಗ ರಿಬೇಟ್ ಇರತೈತಿ, ಅಲ್ಲಿ ನೂಕಾಡೋದನ್ನ ನಾ ಅಂತೂ ನೋಡಿಲ್ಲ.

ಇನ್ನೊಂದು. 2025ರ ಸೆಪ್ಟೆಂಬರ್ 22ರಿಂದ 1,000 ದಾಟಿದ, 2,500 ರೂಪಾಯಿ ಒಳಗಿನ ಸಿದ್ಧ ಉಡುಪಿನ ಮೇಲಿನ ಜಿಎಸ್‌ಟಿ 12%ದಿಂದ 5%ಕ್ಕೆ ಇಳಿದಿದೆ. ತೆರಿಗೆ ಬಿಟ್ಟು 1,500 ಇದ್ದ ಡ್ರೆಸ್ ಮೊದಲು 1,680, ಈಗ 1,575. ಆ 105 ರೂಪಾಯಿ ನಿಮಗ ಬರಬೇಕಾದದ್ದೇ. ಅದನ್ನ "ನಮ್ಮ ಹಬ್ಬದ ಕೊಡುಗೆ" ಅಂತ ಯಾರಾದರೂ ಕೊಟ್ಟರೆ ನಕ್ಕು ಸುಮ್ಮನಾಗ್ರಿ.

4/6
ಇದು ನಮ್ಮ ಭಾಗದ ಮಾತು, ಬೆಂಗಳೂರಿನವರಿಗೆ ತಿಳೀಲಿಕ್ಕಿಲ್ಲ. ತುಬಚಿಯಾಗ ದೀಪಾವಳಿ ಬಂದಾಗ ಕಬ್ಬು ಇನ್ನೂ ಹೊಲದಾಗ ನಿಂತಿರತೈತಿ. ಫ್ಯಾಕ್ಟರಿ ಆಗಷ್ಟೇ ಸುರು ಆಗೋ ಹೊತ್ತು. ಕಬ್ಬು ಕೊಟ್ಟ 14 ದಿನದೊಳಗೆ ಬಿಲ್ಲು ಕೊಡಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶದಲ್ಲಿದೆ. ಖರೇ ಯಾವಾಗ ಬರತೈತಿ ಅಂತ ನಿಮ್ಮ ಅಪ್ಪನ್ನ ಕೇಳ್ರಿ. ಅಂದಮ್ಯಾಲ ಸೇಲ್‌ಗೆ ಒಯ್ಯೋ ರೊಕ್ಕ ಎಲ್ಲಿಂದ ಬಂತು? ಎಷ್ಟೋ ಮನೆಯಲ್ಲಿ ಕೈಗಡ, ಇಲ್ಲಾ ಬಡ್ಡಿ ಸಾಲ.

ಲೆಕ್ಕ ಹಾಕೋಣ. ನಾಲ್ಕು ಮಂದಿಗೆ 8,000 ರೂಪಾಯಿ ಅರಿವಿ. 2,000 ಖರೇನೇ ಉಳೀತು ಅಂತ ಒಪ್ಪಿಕೊಳ್ತೀನಿ, ಜಗಳ ಬ್ಯಾಡ. ತಿಂಗಳಿಗೆ ನೂರಕ್ಕ ಮೂರು ರೂಪಾಯಿ ಬಡ್ಡಿ ಅಂದ್ರ 240. ಬಿಲ್ಲು ಬರೂತನಕ ನಾಲ್ಕು ತಿಂಗಳಿಗೆ 960. ಅಪ್ಪ ಅವ್ವ ಇಬ್ಬರೂ ಒಂದಿನ ಕೆಲಸ ಬಿಟ್ಟರು, ಪಗಾರ 800 ಹಿಡೀರಿ. ಊಟ, ಚಹಾ, ಸಣ್ಣವರ ಐಸ್‌ಕ್ರೀಂ 300. ಗಂಡಸರ ಬಸ್ ಚಾರ್ಜು, ಆಟೋ 150. ಒಟ್ಟು 2,210. ಉಳಿದದ್ದು 2,000! "ಶಕ್ತಿ ಐತಲ್ಲ, ನಮಗ ಬಸ್ ಫ್ರೀ" ಅಂತ ಹುಡುಗ್ಯಾರು ಅಂತೀರಿ. ನನಗೂ ಫ್ರೀನೇ. 2023ರ ಜೂನ್‌ದಿಂದ ಟಿಕೆಟ್ಟಿಗೆ ರೊಕ್ಕ ಇಲ್ಲ, ಆದರ ಸ್ಟ್ಯಾಂಡಿನ್ಯಾಗ ಕಾಯೋ ತಾಸು, ನಿಂತು ಬರೋ ಅವ್ವನ ಮೊಣಕಾಲು, ಇವು ಯಾವ ಯೋಜನೆಯಾಗೂ ಬರಂಗಿಲ್ಲ.

5/6
ಗದ್ದಲದಾಗ ಇನ್ನೊಂದು ಆಗತೈತಿ: ನೋಡದೇ ತಗೋತೀವಿ. ಟ್ರಯಲ್ ರೂಮಿನ ಮುಂದ ಇಪ್ಪತ್ತು ಮಂದಿ, ಹಿಂದಿನವರು ಕೈ ಹಾಕ್ತಾರ ಅನ್ನೋ ಅಂಜಿಕೆ. ಮನೀಗೆ ಬಂದು ಬಿಚ್ಚಿದ್ರ ಹೊಲಿಗಿ ಬಿಟ್ಟಿರತೈತಿ. ತಿರುಗಿ ಒಯ್ಯಾಕ ಬಿಲ್ಲೇ ಇಲ್ಲ. ಬಿಲ್ ಕೊಡದಿರುವುದು ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ದೋಷ ಇರುವ ಮಾಲನ್ನು ಬಿಲ್‌ನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿಲ್ಲದಿದ್ದರೆ 30 ದಿನದೊಳಗೆ, ವಾಪಸ್ ತಗೋಳಾಕ ಒಲ್ಲೆ ಅನ್ನೋದೂ ಅದೇ. ಗೋಡೆಗೆ "ಮಾರಿದ ಮಾಲು ವಾಪಸಿಲ್ಲ" ಅಂತ ಬರೆದಿದ್ದಕ್ಕ ಹೆದರಬ್ಯಾಡ್ರಿ.

2023ರ ಏಪ್ರಿಲ್‌ನಲ್ಲಿ ಮಲ್ಲೇಶ್ವರದ ಮೈಸೂರು ಸಿಲ್ಕ್ ಸೇಲ್‌ನಾಗ ಒಂದು ಸೀರಿಗೆ ಇಬ್ಬರು ಕೂದಲು ಹಿಡಿದು ಜಗಳಾಡಿದ ವಿಡಿಯೋ ನೋಡಿ ಎಲ್ಲರೂ ನಕ್ಕಿದ್ದೀರಿ. 2008ರ ನವೆಂಬರ್ 28ರ ನಸುಕಿನ್ಯಾಗ ನ್ಯೂಯಾರ್ಕ್ ಹತ್ತಿರ ಬ್ಲ್ಯಾಕ್ ಫ್ರೈಡೇ ಸೇಲ್‌ಗೆ ಜನ ಬಾಗಿಲು ಮುರಿದು ನುಗ್ಗಿ, ಅಂಗಡಿಯ ಕೆಲಸಗಾರ ಒಬ್ಬ ತುಳಿತಕ್ಕೆ ಸಿಕ್ಕು ಸತ್ತ. ಅದಕ್ಕ ನಗೂ ಬರಂಗಿಲ್ಲ.

6/6
"ಹಬ್ಬಕ್ಕ ಹೊಸ ಅರಿವಿ ಬ್ಯಾಡೇನು?" ಬೇಕು. ಗೆಳತ್ಯಾರ ಜೋಡಿ ಪ್ಯಾಟಿ ತಿರುಗೋದರ ಮಜಾನೇ ಬ್ಯಾರೆ, ಅದನ್ನ ಯಾರೂ ಬಿಡಬ್ಯಾಡ್ರಿ. ಆದರ ಅದನ್ನ ಮಜಾ ಅಂತ ಬರೀರಿ, ಖರ್ಚು ಅಂತ ಬರೀರಿ. ಉಳಿತಾಯ ಅಂತ ಹೇಳಿ ಮನ್ಯಾಗ ರೊಕ್ಕ ಕೇಳಬ್ಯಾಡ್ರಿ. ಹಬ್ಬದ ಅರಿವಿ ಆಷಾಢದಾಗ ತಗೊಂಡು ಟ್ರಂಕಿನ್ಯಾಗ ಇಟ್ಟರ ಅದೇನು ಕೆಡಂಗಿಲ್ಲ. ಆಷಾಢದಾಗ ಹೊಸದು ಉಡಬಾರದು ಅಂತ ನಮ್ಮ ಆಯಿನೂ ಅಂತಾಳ. ತಗೋಬಾರದು ಅಂತ ಮಾತ್ರ ಆಕಿನೂ ಅಂದಿಲ್ಲ.

ನನ್ನ ಲೆಕ್ಕ ತಪ್ಪು ಅನ್ನೋರು ನಿಮ್ಮ ದೀಪಾವಳಿ ಬಿಲ್ಲಿನ ಫೋಟೋ ಕಳಸ್ರಿ. ಬಡ್ಡಿ, ಪಗಾರ, ಐಸ್‌ಕ್ರೀಂ ಎಲ್ಲಾ ಹಿಡಿದು ಹೆಸರು ಮುಚ್ಚಿ ಇಲ್ಲೇ ಹಾಕ್ತೀನಿ. ಬಿಲ್ಲೇ ಕೊಟ್ಟಿಲ್ಲ ಅನ್ನೋರು 5/6 ಇನ್ನೊಮ್ಮೆ ಓದ್ರಿ.